ಅಪ್‌ಡೇಟ್: ರೋಗಿಯ ನೋಟ್ಸ್ ಬರೆಯುವ ತಲೆಬಿಸಿ ಮುಗಿಯಿತು
ಕುಂಬಳೆ ಕಡೆಯ ಸಣ್ಣ ಆಸ್ಪತ್ರೆಯಲ್ಲಿ ನರ್ಸ್ ನಾನು. ನೋಟ್ಸ್ ಎಷ್ಟು ಉದ್ದ ಬರೆದರೂ ಮುಂದಿನ ಡ್ಯೂಟಿಯವರು ಎಲ್ಲವನ್ನೂ ಮತ್ತೆ ಕೇಳುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೆ ಅಲ್ವಾ? ಈಗ ಸರಿಹೋಗಿದೆ.

ಕೆಲಸಕ್ಕೆ ಬಂದದ್ದು 'ಸೋಪ್' (SOAP) ಕ್ರಮ, ಅಂದರೆ ನೋಟ್ಸನ್ನು ನಾಲ್ಕು ಭಾಗ ಮಾಡಿ ಬರೆಯುವುದು: ರೋಗಿ ಹೇಳಿದ್ದು, ನಾವು ನೋಡಿ ಅಳೆದದ್ದು, ಅದರಿಂದ ತಿಳಿದದ್ದು, ಮುಂದೆ ಮಾಡಬೇಕಾದ್ದು. ಮೊದಲೆರಡನ್ನು ಬೆರೆಸಬೇಡಿ ಎಂದವರಿಗೆ ದೊಡ್ಡ ಥ್ಯಾಂಕ್ಸ್. ನಮ್ಮ ವಾರ್ಡಿನಲ್ಲಿ "ಉಸಿರಾಟ ಕಷ್ಟ" ಎಂದಷ್ಟೇ ಬರೆಯುವುದು ರೂಢಿ. ಈಗ ನನ್ನದು ಹೀಗಿರುತ್ತದೆ: "ಮೆಟ್ಟಿಲು ಹತ್ತಿದರೆ ಏದುಸಿರು ಅನ್ನುತ್ತಾರೆ. ಉಸಿರು ನಿಮಿಷಕ್ಕೆ 26, ರಕ್ತದ ಆಕ್ಸಿಜನ್ 93%." ಪಕ್ಕದಲ್ಲಿ ನೋಡಿದ ಸಮಯ. ಡಾಕ್ಟರ್ ಓದಿ ನೇರ ಮಂಚದ ಹತ್ತಿರ ಹೋದರು, ಯಾರನ್ನೂ ಕರೆಯಲಿಲ್ಲ.

ನೋವಿಗೆ 0ರಿಂದ 10ರೊಳಗೆ ಅಂಕ ಕೇಳುವುದು ವಯಸ್ಸಾದವರ ಹತ್ತಿರ ನಡೆಯಲಿಲ್ಲ. "ಅದೆಲ್ಲ ಗೊತ್ತಿಲ್ಲ ಮಗಳೇ, ನೋವುಂಟು ಅಷ್ಟೇ" ಅಂದರು ಒಬ್ಬ ಅಜ್ಜಿ. ನಗುಮುಖದಿಂದ ಅಳುಮುಖದವರೆಗಿನ ಚಿತ್ರಗಳ ಹಾಳೆ ತೋರಿಸಿದೆ, ತಕ್ಷಣ ಬೆರಳಿಟ್ಟರು. ನೋಟ್ಸನ್ನು ಫೋನಿನಲ್ಲಿ ಮೊದಲು ಟೈಪ್ ಮಾಡಿ ಆಮೇಲೆ ಬರೆಯುವ ಐಡಿಯಾ ಸುಮ್ನೆ ಡಬಲ್ ಕೆಲಸ.

ಹೊಸದಾಗಿ ತಿಳಿದದ್ದು: ಎಣಿಸುತ್ತಿದ್ದೇವೆ ಎಂದು ಗೊತ್ತಾದರೆ ರೋಗಿಯ ಉಸಿರಾಟವೇ ಬದಲಾಗುತ್ತದಂತೆ. ಹಾಗಾಗಿ ನಾಡಿ ನೋಡುವವಳಂತೆ ಕೈ ಹಿಡಿದುಕೊಂಡೇ ಪೂರ್ತಿ ನಿಮಿಷ ಉಸಿರು ಎಣಿಸುತ್ತೇನೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ, ಒಂದು ಉಸಿರು ತಪ್ಪಿದರೂ ಲೆಕ್ಕದಲ್ಲಿ ನಾಲ್ಕು ತಪ್ಪುತ್ತದೆ.