ಅಪ್‌ಡೇಟ್: ‘ದಪ್ಪ ಕವರ್ ನಡೆಯುತ್ತೆ’ ಎಂಬ ವಾದಕ್ಕೆ ಉತ್ತರ ಸಿಕ್ಕಿತು

ಬೆಂಗಳೂರಿನ ವಾರ್ಡೊಂದರಲ್ಲಿ ಕಿರಿಯ ಆರೋಗ್ಯ ನಿರೀಕ್ಷಕನಾಗಿ ಹೊಸದಾಗಿ ಸೇರಿರುವ ನಾನು, ಪ್ಲಾಸ್ಟಿಕ್ ಕವರ್ ಜಪ್ತಿಗೆ ಹೋದಾಗಲೆಲ್ಲ ಅಂಗಡಿಯವರು “ಇದು ದಪ್ಪ ಕವರ್ ಸಾರ್, ನಡೆಯುತ್ತೆ” ಎಂದು ವಾದಿಸುತ್ತಾರೆ, ಏನು ಮಾಡಲಿ ಎಂದು ಹತ್ತು ದಿನಗಳ ಹಿಂದೆ ಕೇಳಿದ್ದೆ.

ಪೊಲೀಸರನ್ನು ಕರೆದೊಯ್ಯುವ ಸಲಹೆ ಫಲಿಸಲಿಲ್ಲ. ಜನ ಸೇರಿ ಮಾತು ಬೆಳೆಯಿತು. ದಪ್ಪ ಅಳೆಯುವ ಮಾಪಕವೂ ಚರ್ಚೆಯನ್ನು ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಲೆಕ್ಕಕ್ಕೆ ಎಳೆದು ಇನ್ನಷ್ಟು ಗೋಜಲಾಗಿಸಿತು. ಕೈಹಿಡಿದದ್ದು ನಿವೃತ್ತ ನಿರೀಕ್ಷಕರೊಬ್ಬರ ಮಾತು: ಪ್ಲಾಸ್ಟಿಕ್ ನಿಷೇಧಿಸಿದ ರಾಜ್ಯ ಸರ್ಕಾರದ 2016ರ ಮಾರ್ಚ್ 11ರ ಅಧಿಸೂಚನೆಯ ಪ್ರತಿಯನ್ನು ಜೇಬಿನಲ್ಲಿಟ್ಟುಕೊಳ್ಳಿ ಎಂದಿದ್ದರು. ದೇಶದ ನಿಯಮದಲ್ಲಿ 120 ಮೈಕ್ರಾನ್‌ಗಿಂತ ತೆಳುವಾದ ಕೈಚೀಲಕ್ಕಷ್ಟೇ ನಿಷೇಧವಿದ್ದರೂ, ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ದಪ್ಪದ ವಿನಾಯಿತಿಯೇ ಇಲ್ಲವೆಂಬುದು ನನಗೇ ಗೊತ್ತಿರಲಿಲ್ಲ. ತರಕಾರಿ ಮಾರುವ ಅಮ್ಮನೊಬ್ಬರು ಕೈ ಒರೆಸಿಕೊಂಡು, ಆ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿ, “ಹೋಲ್‌ಸೇಲ್‌ನವರು ಇದನ್ನು ಹೇಳಲೇ ಇಲ್ಲವಲ್ಲಪ್ಪ” ಎಂದು ನೊಂದುಕೊಂಡೇ ಮಹಜರಿಗೆ ಸಹಿ ಹಾಕಿದರು. ಅವರಂಥವರಿಗೆ ಮೊದಲೇ ತಿಳಿಹೇಳಬೇಕಿತ್ತು ಎಂದು ನನಗೆ ನಿಜಕ್ಕೂ ಅನ್ನಿಸಿತು.

ಇನ್ನೊಂದು ವಿಷಯ: ಬಟ್ಟೆಯಂತೆ ಕಾಣುವ ನಾನ್‌ವೋವನ್ ಚೀಲ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನದು. ಎಳೆಯೊಂದಕ್ಕೆ ಬೆಂಕಿ ತಾಗಿಸಿದರೆ ಹತ್ತಿ ಬೂದಿಯಾಗುತ್ತದೆ, ಇದು ಕರಗಿ ಗಟ್ಟಿ ಮಣಿಯಾಗುತ್ತದೆ. ಈಗ ದಂಡಕ್ಕೆ ಮೊದಲು ಕವರ್ ಪೂರೈಸಿದವರ ಬಿಲ್ ಕೇಳುತ್ತಿದ್ದೇನೆ.