ತುಮಕೂರಲ್ಲಿ ಟರ್ಬೊ ಸೆಡಾನ್ ದಿನಾ ಓಡಿಸೋರು, ರಸ್ತೇಲಿ ನಿಲ್ಲಿಸೋರು ಅನುಭವ ಹೇಳಿ

ಎಸ್.ಎಸ್. ಪುರಂ ವಾಸಿ

ಎಲ್ಲರಿಗೂ ನಮಸ್ಕಾರ. 2023ರ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಆಟೊಮ್ಯಾಟಿಕ್ ಒಂದು ಸೆಕೆಂಡ್ಸ್‌ಗೆ ಬಂದಿದೆ. ನೋಡಿ, ಓಡಿಸಿ ಆಯ್ತು, ಮನಸ್ಸು ಅದರ ಮೇಲೇ ಇದೆ. ಡ್ಯೂಟಿ ವಸಂತನರಸಾಪುರದಲ್ಲಿ, ಆಗಾಗ ಬೆಂಗಳೂರು. ಮನೆ ಕಾಂಪೌಂಡ್ ಒಳಗೆ ಎರಡು ಬೈಕ್ ಬಿಟ್ರೆ ಜಾಗ ಇಲ್ಲ, ಕಾರು ರಸ್ತೆ ಮೇಲೆ ಹೊಂಗೆ ಮರದ ಕೆಳಗೇ ನಿಲ್ಲಬೇಕು. "ಅಷ್ಟು ದುಡ್ಡು ಹಾಕಿ ಬೀದೀಲಿ ನಿಲ್ಲಿಸ್ತೀಯಾ" ಅಂತ ಅಪ್ಪಂದು ಒಂದೇ ಸಮ. ಇಂಥ ಗಾಡಿ ಇಟ್ಕೊಂಡಿರೋರು ಪಾರ್ಕಿಂಗು, ಮೇಂಟೆನೆನ್ಸು, ದಿನದ ಓಡಾಟ ಹೇಗೆ ಅಂತ ಹೇಳಿ. ಭಾನುವಾರ ಅಡ್ವಾನ್ಸ್ ಕೊಡಬೇಕು.

ಊರುಕೆರೆ ಟು ಪೀಣ್ಯ

ನಂದೂ ಅದೇ 1.5 ಟಿಎಸ್‌ಐ ಟರ್ಬೊ ಪೆಟ್ರೋಲ್ ಇಂಜಿನ್, ಸ್ಕೋಡಾ ಸ್ಲಾವಿಯಾದಲ್ಲಿ. ಹೊಸದೇ ತಗೊಂಡೆ, ನನ್ನ ಸಂಬಳದಲ್ಲಿ. "ಹೆಣ್ಣುಮಗಳಿಗೆ 150 ಎಚ್‌ಪಿ ಯಾಕಮ್ಮ" ಅಂದ ನೆಂಟರನ್ನೆಲ್ಲ ಕೂರಿಸ್ಕೊಂಡು ಶಿರಾ ಕಡೆ ಒಂದೊಂದು ರೌಂಡ್ ಹೋಗಿ ಬಂದಿದೀನಿ. ಈಗ ಯಾರೂ ಕೇಳಲ್ಲ.

ಹೈವೇಲಿ ಎರಡು ಮಾತಿಲ್ಲ. ಎಕ್ಸಲೇಟರ್ ಮೇಲೆ ಕಾಲು ಹಗುರ ಇಟ್ರೆ ನಾಲ್ಕರಲ್ಲಿ ಎರಡು ಸಿಲಿಂಡರ್ ತಾನೇ ಆಫ್ ಆಗುತ್ತೆ, ಲೀಟರ್‌ಗೆ 18 ತೋರಿಸುತ್ತೆ. ನೆಲಮಂಗಲದ ಜಾಮ್‌ಗೆ ಸಿಕ್ಕಿದ ಮೇಲೆ ಆ 18 ನೋಡ್ತಾ ನೋಡ್ತಾ ಇಳಿಯುತ್ತೆ. ಊರೊಳಗೆ 9, ಬಹಳ ಅಂದ್ರೆ 10.

ಗೇರ್‌ಬಾಕ್ಸ್ ವಿಷಯ ಯಾರೂ ಸರಿಯಾಗಿ ಹೇಳಲ್ಲ. ಇದು ಏಳು ಸ್ಪೀಡಿನ ಡ್ರೈ ಕ್ಲಚ್ ಡಿಎಸ್‌ಜಿ, ಅಂದ್ರೆ ಎರಡು ಕ್ಲಚ್ ಇರೋ ಆಟೊಮ್ಯಾಟಿಕ್. ಕ್ಲಚ್ ಪ್ಲೇಟು ಆಯಿಲ್‌ನಲ್ಲಿ ಮುಳುಗಿರಲ್ಲ, ಗಾಳಿಗೇ ತಣ್ಣಗಾಗಬೇಕು. ಜಾಮ್‌ನಲ್ಲಿ ಬ್ರೇಕ್ ಅರ್ಧ ಬಿಟ್ಟು ಇಂಚಿಂಚು ತೆವಳಿಸಿದ್ರೆ ಪ್ಲೇಟ್ ಜಾರ್ತಾ ಜಾರ್ತಾ ಕಾಯುತ್ತೆ. ಮುಂದೆ ಎರಡು ಕಾರಿನಷ್ಟು ಜಾಗ ಆಗೋವರೆಗೂ ನಾನು ಬ್ರೇಕ್ ಪೂರ್ತಿ ಒತ್ತಿಕೊಂಡೇ ನಿಂತಿರ್ತೀನಿ, ಆಗ ಕ್ಲಚ್ ಬಿಟ್ಟಿರುತ್ತೆ. ಹಿಂದಿನ ಲಾರಿಯವನು ಹಾರ್ನ್ ಹೊಡ್ಕೊಳ್ಳಲಿ, ಕ್ಲಚ್ ಬಿಲ್ ಅವನೇನು ಕಟ್ಟಲ್ಲ.

ಸರ್ವಿಸ್ 15,000 ಕಿ.ಮೀ. ಇಲ್ಲಾ ವರ್ಷಕ್ಕೊಮ್ಮೆ. ಕಳೆದ ಸಲ ಮೊದಲು 16,390ರ ಬಿಲ್ ಕೈಗಿಟ್ರು. ಅದರಲ್ಲಿ ಇಂಜಿನ್ ಡ್ರೆಸ್ಸಿಂಗ್ ಅಂತ 1,100, ಏಸಿ ಡಿಸ್‌ಇನ್‌ಫೆಕ್ಷನ್ ಅಂತ 1,450. ಎರಡನ್ನೂ ನಾನು ಕೇಳೇ ಇರಲಿಲ್ಲ. ಕೌಂಟರ್ ಮುಂದೆ ನಿಂತು ಎರಡೂ ತೆಗೆಸಿ 13,840 ಕಟ್ಟಿದೆ. ಸರ್ವಿಸ್ ರೋಡಿನ ಗುಂಡಿಗೆ ಇಳಿದು ಎಡ ಮುಂದಿನ ಟೈರಿನ ಸೈಡ್‌ವಾಲ್ ಹೆಬ್ಬೆಟ್ಟಿನಷ್ಟು ಉಬ್ಬಿತ್ತು. ಸೈಜು 205/55 ಆರ್16, ಜೋಡಿ ಹಾಕಿಸಿದ್ದಕ್ಕೆ 17,600. ಇಷ್ಟೆಲ್ಲ ಖರ್ಚಾದ್ರೂ ಮತ್ತೆ ತಗೋ ಅಂದ್ರೆ ಇದನ್ನೇ ತಗೋತೀನಿ.

ಗುಬ್ಬಿ ಗೇಟ್ ಸಿವಿಕ್

ಎರಡು ಸಿಲಿಂಡರ್ ಆಫ್ ಮಾಡ್ಕೊಂಡು ಓಡಿಸೋಕೆ ನಾಲ್ಕು ಸಿಲಿಂಡರ್‌ಗೆ ಯಾಕೆ ದುಡ್ಡು ಕೊಡಬೇಕು?

ನನ್ನದು 2010ರ ಹೋಂಡಾ ಸಿವಿಕ್, 1.8, ಮ್ಯಾನುವಲ್. ಟರ್ಬೊ ಇಲ್ಲ, ಡಿಎಸ್‌ಜಿ ಇಲ್ಲ, ಟೈಮಿಂಗ್ ಬೆಲ್ಟೂ ಇಲ್ಲ, ಚೈನು. ಆಯಿಲ್ ಕಾಲಕಾಲಕ್ಕೆ ಬದಲಾಯಿಸಿದ್ದು ಬಿಟ್ರೆ ಇಂಜಿನ್ ಬಿಚ್ಚಿಲ್ಲ. ಖರ್ಚು ಇರೋದು ತಳದಲ್ಲಿ. ವೀಲ್‌ಬೇಸ್ 2,700 ಮಿ.ಮೀ., ಗಾಡಿ ಉದ್ದ, ಹೊಟ್ಟೆ ತಗ್ಗು. ಹೆಗ್ಗೆರೆವರೆಗೆ ಯಾವ ಹಂಪ್ ಯಾವ ಬದಿ ಸವೆದಿದೆ ಅಂತ ನನಗೆ ಕಣ್ಣು ಮುಚ್ಚಿ ಗೊತ್ತು. ನೇರ ಹತ್ತಿಸಬಾರದು, ಅಡ್ಡಡ್ಡ ತಗೋಬೇಕು. ಮೊದಲು ಎಡಗಡೆ ಚಕ್ರ, ಆಮೇಲೆ ಬಲ, ಕ್ಲಚ್ ಬಿಗಿಹಿಡಿದು ತೇಲಿಸಬೇಕು. ಹಿಂದೆ ಮೂರು ಜನ ಇದ್ರೆ ದೊಡ್ಡ ಹಂಪ್‌ಗೆ ಇಬ್ಬರು ಇಳಿದು ನಡೀಬೇಕು. ನಮ್ಮ ಮನೇಲಿ ಇದಕ್ಕೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಸಸ್ಪೆನ್ಶನ್ ಪೂರ್ತಿ ಮಾಡಿಸಿದ ಲೆಕ್ಕ: ನಾಲ್ಕು ಶಾಕ್ ಅಬ್ಸಾರ್ಬರ್ 26,800, ಲೋಯರ್ ಆರ್ಮ್ ಜೋಡಿ 9,200, ಲಿಂಕ್ ರಾಡ್ ಬುಶ್ 3,100, ಲೇಬರ್ 4,500. ಒಟ್ಟು 43,600. ಪಾರ್ಟ್ಸ್ ನಾನೇ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ಅಂಗಡಿ ಅಂಗಡಿ ಸುತ್ತಿ ಬಾಕ್ಸ್ ಮೇಲಿನ ನಂಬರ್ ತಾಳೆ ನೋಡಿ ತಂದಿದ್ದು. ಮೆಕ್ಯಾನಿಕ್ ಅಂತರಸನಹಳ್ಳಿಯವನು, ಎದುರಿಗೇ ಕೂತು ಹಾಕಿಸಿದೆ.

ಟರ್ಬೊ ಗಾಡಿಗೆ ಹೈವೇ ಬಿಟ್ಟು ಮನೆಗೆ ಬಂದ ಮೇಲೆ ಐದು ನಿಮಿಷ ಐಡಲ್ ಬಿಡಲೇಬೇಕು, ಇಲ್ಲದಿದ್ರೆ ಬೇರಿಂಗ್ ಸುಟ್ಟು ಹೋಗುತ್ತೆ. ದಿನಾ ಯಾರಿಗಿದೆ ಆ ಪುರುಸೊತ್ತು?

ಊರುಕೆರೆ ಟು ಪೀಣ್ಯ

ಅಣ್ಣ, ಆ ಕಾಲ ಹೋಯ್ತು. ಇಂಜಿನ್ ಆಫ್ ಮಾಡಿದ ಮೇಲೂ ಕೂಲೆಂಟ್ ಸುತ್ತಿಸೋಕೆ ಇದರಲ್ಲಿ ಎಲೆಕ್ಟ್ರಿಕ್ ಪಂಪ್ ಇದೆ. ಹೈವೇಯಿಂದ ಇಳಿದು ಮನೆ ರಸ್ತೆಗೆ ನಿಧಾನಕ್ಕೆ ಬರೋವಷ್ಟರಲ್ಲಿ ಟರ್ಬೊ ಅರ್ಧ ತಣ್ಣಗಾಗಿರುತ್ತೆ. ಇನ್ನು ತಳ ತಾಗೋ ಮಾತು: ವರ್ಟಸ್, ಸ್ಲಾವಿಯಾ ಎರಡಕ್ಕೂ ಗ್ರೌಂಡ್ ಕ್ಲಿಯರೆನ್ಸ್ 179 ಮಿ.ಮೀ. ನಮ್ಮತ್ತೆ, ಮಾವ, ಇಬ್ಬರು ಮಕ್ಕಳು, ಡಿಕ್ಕಿ ತುಂಬ ಲಗೇಜು ಹಾಕ್ಕೊಂಡು ದೇವರಾಯನದುರ್ಗ ಹತ್ತಿ ಇಳಿದಿದೀನಿ. ಯಾರನ್ನೂ ಇಳಿಸಿ ನಡೆಸಿಲ್ಲ.

ಗುಬ್ಬಿ ಗೇಟ್ ಸಿವಿಕ್

ಅಣ್ಣ ಅಂತ ಕರೆದು ಪಾಠ ಹೇಳಬೇಡಿ ಮೇಡಂ. ನಿಮ್ಮ ಗಾಡಿಗೆ ಇನ್ನೂ ವಾರಂಟಿ ಇದೆ, ಅದಕ್ಕೆ ಈ ಮಾತು. ಹದಿನೈದು ವರ್ಷ ಆಗಲಿ, ಆಗ ಬನ್ನಿ ಮಾತಾಡೋಣ.

ತಿಪಟೂರು ಕೆಎ 44

ಇಬ್ಬರೂ ಕೆಳಗೆ ನೋಡ್ತಾ ಇದೀರಿ. ನಮ್ಮ ಜಿಲ್ಲೇಲಿ ಮೇಲೆ ನೋಡಿ ನಿಲ್ಲಿಸಬೇಕು.

ಪಕ್ಕದ ಮನೆಯವರ ತೆಂಗಿನ ಮರ, ಬಾಗಿರೋದು ನಮ್ಮ ಕಡೆಗೆ. ಮೊದಲು ಕುರುಂಬೆ ಬಿದ್ದು ಬಾನೆಟ್ ಮೇಲೆ ಚಿಕ್ಕ ಗುಳಿ. ಆಮೇಲೆ ಒಂದು ರಾತ್ರಿ ಗಾಳಿಗೆ ಒಣಗಿದ ಗರಿ ಬುಡದ ಸಮೇತ ಬಿತ್ತು. ರೂಫು ಬಾಗಿ, ಹಿಂದಿನ ಗ್ಲಾಸಿನ ಮೇಲಂಚಿನ ಪೇಂಟ್ ಕಿತ್ತು, ಶಾರ್ಕ್ ಫಿನ್ ಆಂಟೆನಾ ಬುಡಕ್ಕೇ ಮುರಿದು ಹೋಗಿತ್ತು. ಕೇಳೋಕೆ ಹೋದ್ರೆ ಪಕ್ಕದ ಮನೆಯವರು ಹೇಳಿದ್ದು ಒಂದೇ ಮಾತು, "ತೆಂಗಿಗೆ ಕಣ್ಣಿದೆ ಸ್ವಾಮಿ, ಅದು ಯಾರಿಗೂ ಕೆಟ್ಟದ್ದು ಮಾಡಲ್ಲ". ನನ್ನ ರೂಫ್ ನೋಡಿದ ಮೇಲೂ ಅದೇ ಮಾತು.

ಬಿಲ್ಲು 21,500. ಎಲ್ಲರೂ ಕ್ಲೇಮ್ ಮಾಡು ಅಂದ್ರು. ನಾನು ಪೇಪರ್ ಹಿಡಿದು ಕೂತೆ. ನನ್ನ ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗೋ ಡಿಸ್ಕೌಂಟ್) 45 ಪರ್ಸೆಂಟ್ ಇತ್ತು, ಕ್ಲೇಮ್ ಇಲ್ಲದಿದ್ರೆ ಮುಂದಿನ ರಿನ್ಯೂವಲ್‌ಗೆ 50. ಕ್ಲೇಮ್ ಮಾಡಿದ್ರೆ ಸೊನ್ನೆ, ಆಮೇಲೆ 20, 25, 35, 45 ಅಂತ ಮತ್ತೆ ಮೊದಲಿಂದ. ಓನ್ ಡ್ಯಾಮೇಜ್ ಪ್ರೀಮಿಯಂ 18,000 ಅಂತ ಇಟ್ಕೊಳ್ಳಿ. ಮೊದಲ ವರ್ಷ 9,000 ಲಾಸ್, ಎರಡನೇ ವರ್ಷ 5,400, ಆಮೇಲೆ 4,500, 2,700, 900. ಕೂಡಿದ್ರೆ 22,500. ಬಿಲ್ಲಿಗಿಂತ ಕಳ್ಕೊಳ್ಳೋದೇ ಜಾಸ್ತಿ. ಕೈಯಿಂದ ಕೊಟ್ಟೆ. ಎನ್‌ಸಿಬಿ ಪ್ರೊಟೆಕ್ಷನ್ ಆಡ್-ಆನ್ ತಗೊಂಡಿದ್ರೆ ಈ ಲೆಕ್ಕ ಬೇರೆ, ಅದನ್ನು ಈ ವರ್ಷ ಸೇರಿಸಿದೀನಿ.

ಅಂತರಸನಹಳ್ಳಿ ಮಂಡಿ

ತೆಂಗು ಬಿದ್ರೆ ಕಣ್ಣಿಗೆ ಕಾಣುತ್ತೆ. ಇಲಿ ಕಾಣಲ್ಲ.

ನಮ್ಮ ಮಂಡಿ ಎಪಿಎಂಸಿ ಹತ್ತಿರ, ಗಾಡಿ ಗೋಡೌನ್ ಪಕ್ಕ ನಿಲ್ಲುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಡ್ಯಾಶ್ ತುಂಬ ಲೈಟು, ಗಾಡಿಗೆ ಉಸಿರೇ ಇಲ್ಲ. ಬಾನೆಟ್ ಎತ್ತಿ ನೋಡ್ತೀನಿ, ಬ್ಯಾಟರಿ ಟ್ರೇ ಪಕ್ಕ ಕಡಲೆಕಾಯಿ ಸಿಪ್ಪೆ, ಹುಣಸೆಬೀಜ, ಬಾನೆಟ್ ಒಳಗಿನ ಮ್ಯಾಟಿಂದ ಕಿತ್ತ ಹತ್ತಿ ಸೇರಿಸಿ ಅಚ್ಚುಕಟ್ಟಾಗಿ ಗೂಡು ಕಟ್ಟಿತ್ತು. ಮೂರು ವೈರ್ ತುಂಡು, ಒಂದು ಸಿಪ್ಪೆ ಸುಲಿದು ತಾಮ್ರ ಕಾಣ್ತಾ ಇತ್ತು. ಟೋಯಿಂಗ್ 6,500. ಹಾರ್ನೆಸ್ (ವೈರಿನ ಕಂತೆ) ಪೂರ್ತಿ ಬದಲಾಯಿಸಬೇಕು ಅಂತ ವರ್ಕ್‌ಶಾಪ್‌ನವರು 46,200ರ ಎಸ್ಟಿಮೇಟ್ ಕೊಟ್ರು. ಬೇರೆ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ವೈರಿಗೆ ವೈರ್ ಬೆಸುಗೆ ಹಾಕಿಸಿ, ಸ್ಲೀವ್ ಏರಿಸಿ 3,800ಕ್ಕೆ ಮುಗಿಸಿದೆ. ಇವತ್ತಿಗೂ ಒಂದು ಲೈಟ್ ಬಂದಿಲ್ಲ.

ಈಗ ತಳಕ್ಕೆ ಸಣ್ಣ ಕಣ್ಣಿನ ಸ್ಟೀಲ್ ಮೆಶ್ ಹಾಕಿಸಿದೀನಿ. ಬಟ್ಟೇಲಿ ಹೊಗೆಸೊಪ್ಪು ಕಟ್ಟಿ ಬ್ಯಾಟರಿ ಹತ್ತಿರ ಇಡ್ತೀನಿ, ಬಿಸಿ ಭಾಗಕ್ಕೆ ತಾಗದ ಹಾಗೆ. ಘಾಟು ಹೋಗೋದ್ರೊಳಗೆ ಬದಲಾಯಿಸಬೇಕು.

ಊರುಕೆರೆ ಟು ಪೀಣ್ಯ

ವಾರಂಟಿ ಇರೋ ಗಾಡಿಗೆ ಬೆಸುಗೆ ಹಾಕಿಸಿದ್ರೆ ಮುಂದೆ ಎಲೆಕ್ಟ್ರಿಕಲ್ ಏನೇ ಆದ್ರೂ ಕಂಪನಿಯವರು ಅದನ್ನೇ ತೋರಿಸಿ ಕೈ ತೊಳ್ಕೋತಾರೆ. ಓದೋರು ಇದನ್ನು ಕುರುಡಾಗಿ ಮಾಡಬೇಡಿ.

ಅಂತರಸನಹಳ್ಳಿ ಮಂಡಿ

42,400 ಉಳಿದಿದೆ ಮೇಡಂ. ಅದು ನನಗೆ ಕುರುಡಲ್ಲ.

ಮರಳೂರು ಮೇಷ್ಟ್ರು

ನನ್ನ ಬಳಿ ಕಾರಿಲ್ಲ. ಆದರೂ ಬರೆಯುತ್ತೇನೆ, ಏಕೆಂದರೆ ಇವರೆಲ್ಲರ ಕಾರು ನಿಲ್ಲುವುದು ನನ್ನಂಥವರ ಗೇಟಿನ ಮುಂದೆ. ನಮ್ಮ ರಸ್ತೆಯಲ್ಲಿ ಒಬ್ಬರು ಮನೆ ಕಟ್ಟುವಾಗ ಸೈಟಿನ ಕೊನೆಯ ಅಡಿಯವರೆಗೂ ಕಟ್ಟಿ, ಬಾಡಿಗೆ ಮನೆ ಎರಡು ಮಾಡಿ, ಕಾರನ್ನು ಬೀದಿಗೆ ಬಿಟ್ಟರು. ನನ್ನ ಹೆಂಡತಿಗೆ ಹುಷಾರು ತಪ್ಪಿದ ರಾತ್ರಿ ಆಂಬುಲೆನ್ಸ್ ತಿರುವಿನಲ್ಲೇ ನಿಂತಿತು. ಸ್ಟ್ರೆಚರ್ ಅನ್ನು ಕಾರುಗಳ ಸಂದಿಯಲ್ಲಿ ಹೊತ್ತು ತಂದೆವು. ಅಂದಿನಿಂದ ಗೇಟಿನ ಎರಡೂ ಬದಿ ಕಲ್ಲು ಇಟ್ಟಿದ್ದೇನೆ. ತೆಗೆಯಿರಿ ಎಂದರೆ ತೆಗೆಯುವುದಿಲ್ಲ.

ಕುವೆಂಪುನಗರ ಜಿಟಿ

ಮೇಷ್ಟ್ರೇ, ನಿಮ್ಮ ಕಷ್ಟ ಅರ್ಥ ಆಗುತ್ತೆ, ಆದ್ರೆ ಸಾರ್ವಜನಿಕ ರಸ್ತೇಲಿ ಕಲ್ಲಿಡೋಕೆ ನಿಮಗೂ ಹಕ್ಕಿಲ್ಲ. ರಾತ್ರಿ ಆ ಕಲ್ಲಿಗೆ ಬೈಕ್ ಹುಡುಗ ಬಿದ್ರೆ ಜವಾಬ್ದಾರಿ ಯಾರದು?

ನಾನು ಗಾಡಿ ಬುಕ್ ಮಾಡೋಕೆ ಮುಂಚೆ ಜಾಗ ಹುಡುಕಿದೆ. ಮನೆಯಿಂದ ಎರಡು ಕ್ರಾಸ್ ದಾಟಿದ್ರೆ ಒಂದು ಖಾಲಿ ಸೈಟು. ಓನರ್ ಹತ್ತಿರ ಮಾತಾಡಿ ತಿಂಗಳಿಗೆ 1,500 ಬಾಡಿಗೆ. ಶೀಟು, ಕಬ್ಬಿಣ, ಚೈನ್‌ಲಿಂಕ್, ಕೂಲಿ ಸೇರಿ 38,000 ನನ್ನ ಖರ್ಚು. ಮಳೆ ಇಲ್ಲ, ಬಿಸಿಲಿಲ್ಲ, ಯಾರ ಗೇಟಿಗೂ ಅಡ್ಡ ಇಲ್ಲ. ಪೇಂಟ್ ಇವತ್ತಿಗೂ ಕನ್ನಡಿ. ಅದಕ್ಕೆ ಇನ್ನೊಂದು ಕಾರಣ, ಬೋರ್ ನೀರು ಮುಟ್ಟಿಸಲ್ಲ. ಗಡಸು ನೀರು ಬಿಸಿಲಲ್ಲಿ ಒಣಗಿದ್ರೆ ಬಿಳಿ ಚುಕ್ಕೆ ಕೂರುತ್ತೆ, ಪಾಲಿಶ್ ಹೊಡೆಸದೆ ಹೋಗಲ್ಲ. ಹೇಮಾವತಿ ನೀರು ಬಿಟ್ಟ ದಿನವೇ ತೊಳೆಯೋದು.

ಮರಳೂರು ಮೇಷ್ಟ್ರು

ಹೇಮಾವತಿ ನೀರು! ಆ ನೀರು ನಿಲ್ಲುವ ಬುಗುಡನಹಳ್ಳಿ ಕೆರೆಯ ತಳ ಕಂಡರೆ ಇಡೀ ಊರು ಟ್ಯಾಂಕರಿಗೆ ಕೊಡ ಹಿಡಿದು ನಿಲ್ಲುತ್ತದೆ. ಕುಡಿಯುವ ನೀರಿನಲ್ಲಿ ಚಕ್ರ ತೊಳೆಯುವವರು ನನಗೆ ರಸ್ತೆ ಕಾನೂನು ಹೇಳಬೇಡಿ.

ಕುವೆಂಪುನಗರ ಜಿಟಿ

ಎರಡು ಬಕೆಟ್ ನೀರು ಮೇಷ್ಟ್ರೇ. ಪೈಪ್ ಹಿಡಿದು ನಿಲ್ಲಲ್ಲ. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸೋದು. ನಿಮ್ಮ ಬೀದೀಲಿ ಬೆಳಿಗ್ಗೆ ಮನೆ ಮುಂದೆ ಹಾಕೋ ನೀರು ಅದಕ್ಕಿಂತ ಜಾಸ್ತಿ.

ಎಸ್.ಎಸ್. ಪುರಂ ವಾಸಿ

ಎಲ್ಲರಿಗೂ ಥ್ಯಾಂಕ್ಸ್. ಹೊಂಗೆ ಮರದ ಬಗ್ಗೆ ಯಾರೂ ಹೇಳಲೇ ಇಲ್ಲ. ಕವರ್ ಹಾಕಿದ್ರೆ ಸಾಕಾ?

ತಿಪಟೂರು ಕೆಎ 44

ತೆಂಗಿಗಿಂತ ಹೊಂಗೆ ವಾಸಿ, ನನ್ನ ಮಾತು ನಂಬಿ.

ಗುಬ್ಬಿ ಗೇಟ್ ಸಿವಿಕ್

ಕವರ್ ಹಾಕಬೇಡಿ. ಹೈವೇ ಧೂಳು ಕೂತ ಗಾಡಿಗೆ ಕವರ್ ಎಳೆದ್ರೆ ಗಾಳಿಗೆ ಅದು ಅಲ್ಲಾಡ್ತಾ ಪೇಂಟ್ ಉಜ್ಜುತ್ತೆ, ಬಿಸಿಲಲ್ಲಿ ನೋಡಿದ್ರೆ ಸುತ್ತ ಸಣ್ಣ ಗೀರು. ಹೊಂಗೆಯ ಕಾಟ ಬೇರೆ ಕಡೆ ಇರೋದು. ಹೂ ಬಿಡೋ ಕಾಲದಲ್ಲಿ ಹೂವು, ತರಗು ಎಲ್ಲ ವೈಪರ್ ಕೆಳಗಿನ ಜಾಲರಿ ಒಳಗೆ ಇಳಿಯುತ್ತೆ. ಅಲ್ಲಿ ಮಳೆನೀರು ಹರಿದು ಹೋಗೋ ತೂತು ಕಟ್ಟಿದ್ರೆ ನೀರು ನಿಂತು ಏಸಿ ಫಿಲ್ಟರ್ ನೆನೆಯುತ್ತೆ, ಒಳಗೆ ಮುಗ್ಗಲು ವಾಸನೆ, ಇನ್ನೂ ಜಾಸ್ತಿ ಆದ್ರೆ ಕಾಲಡಿ ಕಾರ್ಪೆಟ್ ಒದ್ದೆ. ವಾರಕ್ಕೊಮ್ಮೆ ಬಾನೆಟ್ ಎತ್ತಿ ಕೈಯಲ್ಲೇ ಬಾಚಿ ತೆಗೀರಿ. ಹಕ್ಕಿ ಹಿಕ್ಕೆ ಬಿದ್ರೆ ಒಣ ಬಟ್ಟೇಲಿ ಉಜ್ಜದೆ ಮೊದಲು ನೆನೆಸಿ ಒರೆಸಿ. ಇದು ಟರ್ಬೊಗೂ ಅಷ್ಟೇ, ಸಿವಿಕ್‌ಗೂ ಅಷ್ಟೇ.

ಊರುಕೆರೆ ಟು ಪೀಣ್ಯ

ಇದೊಂದು ಮಾತು ಅಣ್ಣ ಸರಿಯಾಗಿ ಹೇಳಿದ್ರು.

ಅಡ್ವಾನ್ಸ್ ಕೊಡೋಕೆ ಮುಂಚೆ ಗಾಡಿ ಬೆಳಿಗ್ಗೆ ಪೂರ್ತಿ ತಣ್ಣಗಿರುವಾಗ ಹೋಗಿ ಸ್ಟಾರ್ಟ್ ಮಾಡಿ. ಓನರ್ ಮೊದಲೇ ಬಿಸಿ ಮಾಡಿಟ್ಟಿದ್ರೆ ಇನ್ನೊಂದು ದಿನ ಬರ್ತೀನಿ ಅನ್ನಿ. ಏರು ಇರೋ ಕಡೆ ನಿಲ್ಲಿಸಿ ಬ್ರೇಕ್ ಬಿಟ್ಟು ನಿಧಾನಕ್ಕೆ ಎಳೆಸಿ, ಒಂದರಿಂದ ಎರಡು, ಎರಡರಿಂದ ಮೂರನೇ ಗೇರಿಗೆ ಬೀಳುವಾಗ ನಡುಕ ಇದ್ರೆ ವರ್ಕ್‌ಶಾಪ್‌ಗೆ ಕರ್ಕೊಂಡು ಹೋಗಿ ಸ್ಕ್ಯಾನ್ ಮಾಡಿಸಿ. ನಾಲ್ಕೂ ಟೈರಿನ ಒಳಬದಿ ಕೈಯಾಡಿಸಿ ಉಬ್ಬು ಇದೆಯಾ ನೋಡಿ. ಟೈರ್ ಮೇಲೆ ನಾಲ್ಕಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2023ರ ಗಾಡೀಲಿ ಒಂದು ಟೈರ್ ಮಾತ್ರ 25ರದ್ದು ಇದ್ರೆ ಯಾಕೆ ಬದಲಾಯಿಸಿದ್ರಿ ಅಂತ ಕೇಳಿ.

ಕುವೆಂಪುನಗರ ಜಿಟಿ

ಬಾನೆಟ್ ಒಳಗಿನ ಮ್ಯಾಟ್ ಕೂಡ ನೋಡಿ, ಇಲಿ ಕಡಿದ ಗುರುತು ಅಲ್ಲೇ ಮೊದಲು ಸಿಗೋದು. ಎಸ್.ಎಸ್. ಪುರಂನಲ್ಲಿ ಖಾಲಿ ಸೈಟಿಗೆ ಬಾಡಿಗೆ ಇಲ್ಲಿಗಿಂತ ಜಾಸ್ತಿ ಕೇಳ್ತಾರೆ, 2,000 ಅಂದ್ರೂ ಒಪ್ಕೊಳ್ಳಿ, ವರ್ಷದ್ದು ಒಟ್ಟಿಗೆ ಕೊಡಬೇಡಿ. ಸೈಟ್ ಮಾರಿಬಿಟ್ರೆ ಶೀಟು ಬಿಚ್ಕೊಂಡು ಹೋಗೋ ಹಾಗೆ ಬೋಲ್ಟ್ ಹಾಕಿಸಿ, ವೆಲ್ಡಿಂಗ್ ಬೇಡ.

ಮರಳೂರು ಮೇಷ್ಟ್ರು

ಮನೆ ಮುಂದೆ ಹಾಕುವುದು ಬೋರ್ ನೀರು. ಅದನ್ನು ತಿಳಿದುಕೊಂಡು ಮಾತಾಡಿ.