ವೇದಿಕೆಯ ಕುಣಿತ ಬೇಡ, ಹಳ್ಳಿಯ ಹಬ್ಬ ಬೇಕು

ಪ್ರಶ್ನೆ: ನಾಗಾಲ್ಯಾಂಡಿನ ಕೃಷಿ ಹಬ್ಬ ನೋಡಬೇಕೆಂದರೆ ಎಲ್ಲರೂ ಹಾರ್ನ್‌ಬಿಲ್ ಉತ್ಸವದತ್ತಲೇ ಕೈ ತೋರಿಸುತ್ತಾರೆ. ನನಗೆ ಬೇಕಿರುವುದು ಊರಿನವರು ತಮಗಾಗಿ ಆಚರಿಸುವ ಹಬ್ಬ. ಯಾವಾಗ, ಎಲ್ಲಿಗೆ ಹೋಗಲಿ? ನಾನು ಸಸ್ಯಾಹಾರಿ.

ಉತ್ತರ: ಹಾರ್ನ್‌ಬಿಲ್ 2000ದಲ್ಲಿ ಸರ್ಕಾರ ಶುರು ಮಾಡಿದ ಪ್ರವಾಸಿ ಉತ್ಸವ. ಅದನ್ನು ಬಿಡಿ. ಮೇ 1ರಿಂದ 3ರವರೆಗೆ ಮೊಕೊಕ್‌ಚುಂಗ್ ಜಿಲ್ಲೆಯಲ್ಲಿರಿ. ಆವೋ ನಾಗಾ ಬುಡಕಟ್ಟಿನ ಮೋಆತ್ಸು ಹಬ್ಬ ಆಗ ನಡೆಯುತ್ತದೆ. ಗುಡ್ಡದ ಕಾಡು ಕಡಿದು, ಸುಟ್ಟು, ಬಿತ್ತನೆ ಮುಗಿಸಿದವರ ಬಿಡುವು ಅದು. ಸಾಂಗ್‌ಪಾಂಗ್ತು ಎಂಬ ದೊಡ್ಡ ಬೆಂಕಿಯ ಸುತ್ತ ಗಂಡಸರೂ ಹೆಂಗಸರೂ ಒಳ್ಳೆಯ ಉಡುಪು ತೊಟ್ಟು ಕೂರುತ್ತಾರೆ. ಹಿಂದೆ ಅಕ್ಕಿಯ ಮದ್ಯವಿಲ್ಲದೆ ಹಬ್ಬವೇ ಇರಲಿಲ್ಲ. ಈಗ ಊರೆಲ್ಲ ಬ್ಯಾಪ್ಟಿಸ್ಟ್ ಪಂಥದ ಕ್ರೈಸ್ತರು, ಮೇಲೆ 1989ರ ಪಾನನಿಷೇಧ ಕಾಯ್ದೆ ಬೇರೆ. ಆದರೂ ಹಾಡು ನಿಂತಿಲ್ಲ, ಹಂದಿಮಾಂಸವಂತೂ ನಿಂತೇ ಇಲ್ಲ! ನಿಮಗೆ ಅನ್ನ, ಬೇಯಿಸಿದ ಸೊಪ್ಪು, ಕಣ್ಣಲ್ಲಿ ನೀರು ತರಿಸುವ ರಾಜಾ ಮೆಣಸಿನ ಚಟ್ನಿ. ಸೊಪ್ಪಿಗೆ ಒಣಮೀನು ಬೆರೆಸಿದ್ದಾರೆಯೇ ಎಂದು ಮೊದಲೇ ಕೇಳಿ.

ಇನ್ನೊಬ್ಬರು: ಬೇಸಿಗೆಯ ತನಕ ಕಾಯುವುದೇಕೆ? ಫೆಬ್ರವರಿ 25ಕ್ಕೆ ಅಂಗಾಮಿ ಎಂಬ ಇನ್ನೊಂದು ನಾಗಾ ಬುಡಕಟ್ಟಿನ ಸೆಕ್ರೆನ್ಯಿ. ಇದು ಶುದ್ಧೀಕರಣದ ಹಬ್ಬ. ಸಂಪ್ರದಾಯದಂತೆ ಗಂಡಸರು ನಸುಕಿನಲ್ಲೇ ಊರಬಾವಿಗೆ ಹೋಗಿ ಮೀಯುತ್ತಾರೆ. ಕೊಹಿಮಾ ಹತ್ತಿರದ ಖೊನೊಮಾಕ್ಕೆ ಹೋದರೆ ಮೆಟ್ಟಿಲು ಗದ್ದೆಗಳನ್ನೂ ನೋಡಬಹುದು.

ಮೊದಲ ಉತ್ತರದವರು: ಒಪ್ಪಿದೆ. ಎಲ್ಲಿಗೇ ಹೋದರೂ, ಹೊರರಾಜ್ಯದವರು ನಾಗಾಲ್ಯಾಂಡಿಗೆ ಹೋಗಲು ಬೇಕಾದ ಇನ್ನರ್ ಲೈನ್ ಪರವಾನಗಿ ಮೊದಲು ಮಾಡಿಸಿಕೊಳ್ಳಿ. ಯಾರದಾದರೂ ಮನೆಯಲ್ಲಿ ಉಳಿಯುವ ವ್ಯವಸ್ಥೆಯಾದರೆ ಹೋಟೆಲಿನ ಯೋಚನೆ ಬಿಟ್ಟುಬಿಡಿ.